ಕುಂಡದ ಮೇಷ್ಟ್ರ ನೀರಾವರಿ ಮಂತ್ರಿ

ನಲ್ಲಿಯಿಂದ ಒಂದು ಹನಿ ನೀರು ಸುಮ್ಮನೆ ಸೋರಿದರೂ ಸಾಕು, ಮೇಲಿನ ಮಹಡಿಯಲ್ಲಿ ಬೋರ್ಡಿನ ಮೇಲೆ ಕುದುರೆಯ ಬಾಲ ಬರೆಯುತ್ತಿದ್ದ ಡ್ರಾಯಿಂಗ್ ಮೇಷ್ಟ್ರ ಕಿವಿ ನೆಟ್ಟಗಾಗುತ್ತಿತ್ತು ಎಂಬುದು ಆ ಶಾಲೆಯ ಪುರಾಣ. ಕುದುರೆಯನ್ನು ಬಾಲವಿಲ್ಲದೆ ಬಿಟ್ಟು ಮೆಟ್ಟಿಲು ಹಾರಿ ಇಳಿದು, ಹನಿ ನೆಲ ಮುಟ್ಟುವ ಮುಂಚೆಯೇ ಅವರು ಮಗ್ಗು ಹಿಡಿದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಕಂಡವರೆಲ್ಲ ಏಳನೇ ತರಗತಿಯವರು, ಬುರುಡೆ ಬಿಡುವುದರಲ್ಲಿ ನಿಸ್ಸೀಮರು ಎಂಬುದು ಬೇರೆ ಮಾತು.

ಇಷ್ಟೆಲ್ಲ ಸಾಹಸ ಗಿಡಗಳಿಗಾಗಿ. ತರಗತಿಗಳ ಮುಂದಿನ ಉದ್ದನೆಯ ಹಜಾರದಲ್ಲಿ ಒಡೆದ ಬಕೆಟ್ಟು, ಬಣ್ಣದ ಡಬ್ಬ, ಯಾರೋ ಎಸೆದ ಹೆಲ್ಮೆಟ್ಟು, ಹೀಗೆ ಮಣ್ಣು ಹಿಡಿಯುವಂಥ ಎಲ್ಲದರಲ್ಲೂ ಅವರು ಗಿಡ ನೆಟ್ಟಿದ್ದರು. ಊರಿಗೆಲ್ಲ ಅವರು ಕುಂಡದ ಮೇಷ್ಟ್ರು. ಮನೆಯಲ್ಲಿ ಬಟ್ಟೆ ಹೊಲಿಯುವ ಅವರ ಹೆಂಡತಿ, ಅಳತೆ ಕೊಡಲು ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರು: "ನಾನು ಅತ್ತರೆ ಈ ಮನುಷ್ಯ ಕಣ್ಣು ಒರೆಸಲ್ಲ ಕಣ್ರೀ, ಕೆಳಗೆ ಕುಂಡ ತಂದಿಡ್ತಾರೆ."

ಮೇಷ್ಟ್ರು ಶಾಲೆಯಲ್ಲಿ ಒಂದು ಕಾನೂನು ತಂದಿದ್ದರು. ಕೊನೆಯ ಬೆಲ್ಲು ಹೊಡೆದ ಮೇಲೆ ಮಕ್ಕಳು ಬಾಟಲಿಯಲ್ಲಿ ಉಳಿದ ನೀರನ್ನು ಕುಂಡಕ್ಕೆ ಸುರಿದು ಮನೆಗೆ ಹೋಗಬೇಕು. ಒಬ್ಬರದ್ದು ಒಂದು ಗುಟುಕು, ಇನ್ನೊಬ್ಬರದ್ದು ಬರೀ ತಳದ ತೇವ. ಐದನೇ ತರಗತಿಯ ಒಬ್ಬ ಸಣಕಲ ಹುಡುಗ ಮಾತ್ರ ಪ್ರತಿದಿನ ಕಂಠಪೂರ್ತಿ ತುಂಬಿದ ಬಾಟಲಿ ತಂದು ಗಳಗಳ ಸುರಿಯುತ್ತಿದ್ದ. ಮೇಷ್ಟ್ರು ಮರುಳಾದರು. ಇಂಥ ತ್ಯಾಗಜೀವಿ ಯಾವ ಯುಗದಲ್ಲಿ ಹುಟ್ಟಿದ್ದ! ರಟ್ಟು ಕತ್ತರಿಸಿ, ಬಂಗಾರದ ಬಣ್ಣ ಬಳಿದು, 'ನೀರಾವರಿ ಮಂತ್ರಿ' ಎಂದು ಬರೆದು ಅವನ ಜೇಬಿಗೆ ಸಿಕ್ಕಿಸಿದರು. ಉಸ್ತುವಾರಿಗೆ ತಮ್ಮ ಪ್ರಾಣವೇ ಆಗಿದ್ದ ಲೋಳೆಸರದ ಕುಂಡವನ್ನು ಕೊಟ್ಟರು.

ಮಂತ್ರಿಗಳ ಆಡಳಿತದಲ್ಲಿ ಲೋಳೆಸರ ಬುಡ ಕೊಳೆತು ಸತ್ತಿತು.

ಆ ಸಂಜೆ ಮೇಷ್ಟ್ರು ಮುಖ ಊದಿಸಿಕೊಂಡು ಹೆಂಡತಿಯ ಮುಂದೆ ಕೂತರು.

"ನೀರು ಜಾಸ್ತಿಯಾಗಿ ಹೋಯ್ತು ಕಣೇ. ತಪ್ಪು ಅವನದಲ್ಲ. ಪಾಪ, ದಿನಾ ತುಂಬಿದ ಬಾಟಲಿ ಹಾಗೇ ತಂದು ಹಾಕ್ತಾನೆ."

ಹೊಲಿಗೆ ಯಂತ್ರದ ಸದ್ದು ನಿಂತಿತು. "ಹಾಗೇ ಅಂದ್ರೆ? ಬೆಳಿಗ್ಗೆ ಅವರಮ್ಮ ತುಂಬಿಸಿ ಕೊಟ್ಟ ಹಾಗೇನಾ?"

"ಹೂಂ."

"ಮತ್ತೆ ಆ ಮಗು ಕುಡಿಯೋದು ಏನು ರೀ?"

ಆ ರಾತ್ರಿ ಊಟ ಮೇಷ್ಟ್ರಿಗೆ ರುಚಿಸಲಿಲ್ಲ.

ಮರುದಿನ ಕುಂಡಕ್ಕೆ ಹೊಸ ಮಣ್ಣು ತುಂಬುವ ನೆಪದಲ್ಲಿ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಮಂತ್ರಿಗಳೇ, ತಾವು ನೀರು ಕುಡಿಯೋದು ಯಾವಾಗ?"

"ಕುಡಿಯಲ್ಲ ಸಾರ್."

"ಯಾಕಪ್ಪಾ?"

"ಕುಡಿದ್ರೆ ಹೋಗ್ಬೇಕಾಗುತ್ತಲ್ಲ." ಹಜಾರದ ಕೊನೆಯಲ್ಲಿದ್ದ ಶೌಚಾಲಯದ ಕಡೆ ಗದ್ದ ಎತ್ತಿ ತೋರಿಸಿದ.

ಅವಸರ ಮಾಡದೆ, ಮಣ್ಣು ಪುಡಿ ಮಾಡುತ್ತ ಮೇಷ್ಟ್ರು ಉಳಿದದ್ದನ್ನು ಕೇಳಿಸಿಕೊಂಡರು. ಎಂಟನೇ ತರಗತಿಯ ಇಬ್ಬರು ಒಳಗೆ ಕಾದಿರುತ್ತಾರೆ. ಚಿಕ್ಕವರು ಬಂದರೆ ಕತ್ತು ಹಿಡಿದು ನಲ್ಲಿಯ ಕೆಳಗೆ ಒತ್ತುತ್ತಾರೆ, ಹೊಡೆಯುತ್ತಾರೆ, ಆಮೇಲೆ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾರೆ. ಉರಿಮೂತ್ರವೆಂದು ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ನೀರು ಚೆನ್ನಾಗಿ ಕುಡಿ ಎಂದು ಡಾಕ್ಟರು ಹೇಳಿದ್ದರು.

"ಯಾರಿಗೂ ಹೇಳ್ಬೇಡಿ ಸಾರ್. ಇನ್ನೂ ಹೊಡೀತಾರೆ."

"ಹೇಳ್ಬೇಕಾದವರಿಗೆ ಹೇಳಲೇಬೇಕು ಕಣೋ. ಆದ್ರೆ ನಿನ್ನನ್ನ ಒಬ್ಬನೇ ಅಲ್ಲಿಗೆ ಬಿಡಲ್ಲ, ಆಯ್ತಾ?"

ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿ ಹೆಡ್ಮಾಸ್ಟರು ಕುರ್ಚಿಗೆ ಒರಗಿ ನಕ್ಕರು. "ಗಂಡು ಹುಡುಗರು ಮೇಷ್ಟ್ರೇ, ತಳ್ಳಾಟ ಇದ್ದದ್ದೇ. ನಾವೂ ಸ್ಕೂಲಲ್ಲಿ ಏಟು ತಿಂದು ಬೆಳೆದವರಲ್ವಾ?"

"ಯಾರ ಕೈಲಿ ತಿಂದಿದ್ರಿ ಸಾರ್?"

ಹೆಡ್ಮಾಸ್ಟರು ತಟ್ಟನೆ ಒಂದು ಹೆಸರು ಹೇಳಿದರು. ಹೇಳಿದ ಮೇಲೆ, ಅದು ಇನ್ನೂ ನಾಲಿಗೆಯ ತುದಿಯಲ್ಲೇ ಇದ್ದುದಕ್ಕೆ ತಾವೇ ಬೆಚ್ಚಿದರು. ನಗು ಆರಿತು. ಮೂವರ ಮನೆಯವರಿಗೂ ಫೋನು ಹೋಯಿತು. ಬಡಗಿ ಬಂದು ಹೊರಗಿನ ಚಿಲಕ ಕಿತ್ತ. ದೊಡ್ಡ ಹುಡುಗರಿಬ್ಬರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದಾಗ, ಒಬ್ಬನ ಬೆನ್ನ ಮೇಲೂ ಅವನ ಅಣ್ಣನ ಬೆಲ್ಟಿನ ಗುರುತು ಇದ್ದದ್ದು ಗೊತ್ತಾಯಿತು. ಆ ಮನೆಗೆ ಮೇಷ್ಟ್ರೇ ಹೋಗಿ ಬಂದರು.

ಅನಂತರ ನಡೆದದ್ದೇ ಮಹಾ ಸ್ಥಳಾಂತರ. ಕುಂಡದ ಮೇಷ್ಟ್ರು ತಮ್ಮ ಸಕಲ ಸಸ್ಯಸೈನ್ಯದೊಡನೆ ದಂಡೆತ್ತಿ ಹೋಗಿ ಶೌಚಾಲಯದ ಎದುರು ಬೀಡುಬಿಟ್ಟರು. ಇಂಟರ್‌ವಲ್ಲಿನಲ್ಲಿ ಸಿಂಹಾಸನ, ಅಂದರೆ ಕಾಲು ಅಲ್ಲಾಡುವ ಮರದ ಕುರ್ಚಿ, ಅಲ್ಲೇ. ಫಿನಾಯಿಲಿನ ಘಾಟಿಗೆ ಮೂಗಿನ ಮೇಲೆ ಕರ್ಚೀಫು, ಕೈಯಲ್ಲಿ ಕತ್ತರಿ.

"ಏನ್ರೀ ಮೇಷ್ಟ್ರೇ, ಟಿಕೆಟ್ ಎಷ್ಟು?" ಎಂದು ಲೆಕ್ಕದ ಮೇಡಂ ರೇಗಿಸಿದರು.

"ನಿಮಗೆ ಮಾತ್ರ ಡಬಲ್ಲು ಮೇಡಂ."

ಮೊದಮೊದಲು ಚಿಕ್ಕ ಹುಡುಗ ಮೇಷ್ಟ್ರ ಕುರ್ಚಿಯ ಹತ್ತಿರ ನಿಂತು ಇಣುಕಿ ನೋಡಿ ಆಮೇಲೆ ಒಳಗೆ ಹೋಗುತ್ತಿದ್ದ. ಬರುಬರುತ್ತಾ ಇಣುಕುವುದನ್ನು ಮರೆತ. ಒಂದು ಸಂಜೆ ಅವನ ಬಾಟಲಿಯನ್ನು ಬೋರಲು ಹಾಕಿದರೂ ಒಂದು ತೊಟ್ಟು ಬೀಳಲಿಲ್ಲ. "ಖಾತೆ ಖಾಲಿ ಮಾಡಿದ್ರಲ್ಲ ಮಂತ್ರಿಗಳೇ!" ಎಂದು ಮೇಷ್ಟ್ರು ಗದರಿದರೆ, ಅವನು ಕಿಸಕ್ಕನೆ ನಕ್ಕು ಓಡಿದ.

ಪೋಷಕರ ಸಭೆಯಲ್ಲಿ ಹೆಡ್ಮಾಸ್ಟರು ಮೈಕು ಹಿಡಿದರು. ಶಾಲೆಯ ಸುರಕ್ಷತೆಯ ಹರಿಕಾರ, ಮಕ್ಕಳ ಮನಸ್ಸಿನ ಮಹಾಜ್ಞಾನಿ ಎಂದೆಲ್ಲ ಹೊಗಳಿ, ಈ ಮಹತ್ಸಾಧನೆಯ ಗುಟ್ಟನ್ನು ನಾಲ್ಕು ಮಾತಲ್ಲಿ ತಿಳಿಸಬೇಕೆಂದು ಮೈಕನ್ನು ಮೇಷ್ಟ್ರ ಕೈಗೆ ಕೊಟ್ಟರು.

"ಗುಟ್ಟೇನಿಲ್ಲ ಸಾರ್, ಅಲ್ಲಿ ದೊಡ್ಡವರು ಒಬ್ಬರು ಕೂತಿದ್ರೆ ಸಾಕು," ಎಂದರು ಮೇಷ್ಟ್ರು. "ನಾಳೆ ನಾನು ರಜೆ. ನೀವು ಕೂತ್ಕೋತೀರಾ?"