ಬಾಯಿಮಾತಿಗೆ ಬಿಟ್ಟ ಕಾಲೇಜು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಬಾಯಿಮಾತೇ ಕರಾರು. ಇನ್ನು ನೇಯುವುದಾಗುವುದಿಲ್ಲ ಎಂದು ಸಾವುಕಾರರಿಗೆ ಹೇಳಿದರೆ ಅವತ್ತಿಗೇ ಲೆಕ್ಕ ಮುಗಿಯುತ್ತದೆ. ನೇಯ್ದಷ್ಟಕ್ಕೆ ಕೂಲಿ, ಉಳಿದ ನೂಲು ವಾಪಸು. ಈ ಓಣಿಯ ಸೊಸೆ ಚೇತನಾ ಬಾಗಲಕೋಟೆಯ ಬಿ.ಎಡ್. ಕಾಲೇಜನ್ನೂ ಹಾಗೆಯೇ ಬಿಟ್ಟಿದ್ದಳು. ಬಸುರಿಯಾಗಿದ್ದಾಗ ಕಾಲು ಬಾತು, ಡಾಕ್ಟರು ಮಲಗಿಯೇ ಇರಬೇಕೆಂದಾಗ, ಪಾಠ ಹೇಳುತ್ತಿದ್ದ ಸುಧಾರಾಣಿ ಮೇಡಂ ಮುಂದೆ ನಿಂತು, "ಇನ್ನ ಬರೂದಿಲ್ರಿ ಮೇಡಂ" ಅಂದಿದ್ದಳು. "ಮದ್ಲ ಆರೋಗ್ಯ ನೋಡ್ಕೋವಾ" ಎಂದು ಅವರೂ ಬೆನ್ನು ಸವರಿದ್ದರು. ಅಲ್ಲಿಗೆ ಮುಗಿಯಿತು ಅಂದುಕೊಂಡಳು.

ಈಗ ಎಳೆಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಹುನಗುಂದದ ಮೇಲೆ ಹಾಯ್ದು ಬಂದ ಬಸ್ಸಿಳಿದು, ಕಾಲೇಜಿನ ಆಫೀಸಿನಲ್ಲಿ ನಿಂತಿದ್ದಾಳೆ. ಫೀ ಕಟ್ಟಲು ಅತ್ತೆ ಲಕ್ಕವ್ವ ತನ್ನ ಚಿನ್ನದ ಬೋರಮಾಳ ಸರ ಒತ್ತೆ ಇಟ್ಟಿದ್ದಳು. ಅರ್ಧ ಫೀ ವಾಪಸು ಬಂದರೂ ಅದನ್ನು ಬಿಡಿಸಬಹುದು.

"ಯಾವಾಗ ಬಿಟ್ಟೀವಾ?" ಕಾಲೇಜು ಬಿಡುವ ಅರ್ಜಿ ಓದುತ್ತ ಕ್ಲಾರ್ಕ್ ಮಹೇಶ್ವರಿ ಕೇಳಿದಳು.

"ದೀಪಾವಳಿ ಮುಂದ್ರಿ."

"ಬರದು ಕೊಟ್ಟದ್ದು?"

"ಇವತ್ತರಿ."

"ಹಂಗಾರ ನಮ್ಮ ಲೆಕ್ಕದಾಗ ನೀ ಬಿಟ್ಟದ್ದೂ ಇವತ್ತ. ಫೀ ವಾಪಸ್ ಕೊಡೂ ತಾರೀಖು ಎಂದೋ ಮುಗದೈತಿ. ಮ್ಯಾಲ ನಿನ್ನ ಖಾತೆಗೆ ಸ್ಕಾಲರ್‌ಶಿಪ್ ಬ್ಯಾರೆ ಬಂದೈತಿ. ಈ ಅರ್ಜಿ ತಗೊಂಡ್ನೆಂದ್ರ ಅದನ್ನೂ ತಿರುಗಿ ಕಟ್ಟಬೇಕಾಗ್ತೈತಿ."

ಚೇತನಾ ಮೇಜಿನ ಹತ್ತಿರ ಸರಿದಳು. ಆ ರೊಕ್ಕ ದವಾಖಾನೆಯ ಬಿಲ್ಲಿಗೆ ಹೋಗಿತ್ತು. "ಮೇಡಂ ಮುಂದ ಹೇಳಿದ್ನೆಲ್ರಿ. ಅವರ್ನ ಕೇಳ್ರಿ."

"ಅವರು ಇಲ್ಲನ್ನೂದಿಲ್ಲ. ಅವರ ನೆನಪಿಗೆ ಸಿಕ್ಕಾ ಹೊಡ್ಯಾಕ ಬರ್ತೈತೇನು?" ಮಹೇಶ್ವರಿ ಮೇಜಿನ ಮೇಲಿದ್ದ ಕಾಲೇಜಿನ ಮೊಹರನ್ನು ತಟ್ಟಿದಳು.

ಕೂಸು ಅಳತೊಡಗಿತು. ಮಹೇಶ್ವರಿ ಕುರ್ಚಿ ಸರಿಸಿಕೊಟ್ಟಳು. "ಕೂಡು, ಹಾಲು ಕುಡಿಸು. ಈ ಅರ್ಜಿ ಕೊಡಬ್ಯಾಡ. ಒಂದ್ ವರ್ಷ ಬಿಟ್ಟು ಮುಂದುವರಸ್ತೇನಿ ಅಂತ ಬರಿ, ದವಾಖಾನಿ ಚೀಟಿ ಹಚ್ಚು. ಪ್ರಿನ್ಸಿಪಾಲರು ಒಪ್ಪಿದ್ರ ಕಟ್ಟಿದ ಫೀ ಮುಂದಿನ ವರ್ಷಕ್ಕ ನಡೀತೈತಿ. ಸ್ಕಾಲರ್‌ಶಿಪ್ಪಿಂದು ಮಾತ್ರ ನಾ ಹೇಳಾಕ ಬರೂದಿಲ್ಲ."

ಮನೆಯಲ್ಲಿ ಲಕ್ಕವ್ವ ಲಾಳಿ ನಿಲ್ಲಿಸಿ ಎಲ್ಲ ಕೇಳಿದಳು. "ಬಾಯಿಮಾತು ನಂಬದವರು ಮಂದಿಗೆ ಏನ್ ಕಲಸ್ತಾರ?" ಎಂದು ಕೊಂಕು ನುಡಿದಳು. ಕೈ ಖಾಲಿ ಕೊರಳಿಗೆ ಹೋಗಿ ಇಳಿಯಿತು. ಆಮೇಲೆ, "ಕೂಸು ಮಲಗೂ ಜೋಳಿಗಿ ಇಲ್ಲೆ ಮಗ್ಗದ ಬಾಜೂಕ ಕಟ್ಟು. ನೀ ಬರಿ ಹೋಗು" ಅಂದಳು.

ಮರುದಿನ ಮಹೇಶ್ವರಿ ಹೊಸ ಅರ್ಜಿಯನ್ನು ಫೈಲಿನಲ್ಲಿಟ್ಟಳು. ಪ್ರಿನ್ಸಿಪಾಲರು ಊರಲ್ಲಿರಲಿಲ್ಲ. ಚೇತನಾ ಮಾತ್ರ ಕದಲಲಿಲ್ಲ.

"ಮತ್ತೇನವಾ?"

"ಅರ್ಜಿ ಮುಟ್ಟೇತಿ ಅಂತ ಬರದು, ಸಿಕ್ಕಾ ಹೊಡದು ಕೊಡ್ರಿ."