ಗುಡ್ಡದ ಬುಡದ ಚಪ್ಪಲಿ ಅಕ್ಕ

ಬೆಳಗಿನ ಐದೂವರೆ. ಗುಡ್ಡದ ಬುಡದ ಗೇಟಿನಲ್ಲಿ ಆಗಲೇ ವಾಗ್ವಾದ ಶುರುವಾಗಿದೆ.

"ಒಂದೇ ಕಿಲೋಮೀಟರ್ ಅಲ್ವಾ ಆಂಟಿ?" ಎನ್ನುತ್ತಾಳೆ ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟ ಯುವತಿ.

"ಒಂದೇ ಕಣಮ್ಮ. ಆದ್ರೆ ಅದು ಮಲಗಿಲ್ಲ, ಎದ್ದು ನಿಂತಿದೆ. ಕಾಲು ಎಷ್ಟನೇ ನಂಬರು, ಹೇಳು."

ಗೇಟ್ ಕಾಯುವ ಈ ಐವತ್ತೆರಡರ ಹೆಂಗಸು ಎಲ್ಲರಿಗೂ ಚಪ್ಪಲಿ ಅಕ್ಕ. ಬೆನ್ನ ಹಿಂದಿನ ಮರದ ಗೂಡುಗಳಲ್ಲಿ ನಲವತ್ತು ಜೋಡಿ ಹಳೇ ಕ್ಯಾನ್ವಾಸ್ ಶೂಗಳಿವೆ. ಜಾರುವ ಚಪ್ಪಲಿಯಲ್ಲಿ ಬಂದವರಿಗೆ ಅದರಲ್ಲೊಂದು ಜೋಡಿ ಕೊಟ್ಟು, ಅವರ ಚಪ್ಪಲಿಯನ್ನು ಅದೇ ಗೂಡಿನಲ್ಲಿ ಇಟ್ಟುಕೊಳ್ಳುತ್ತಾರೆ. ಬಾಡಿಗೆಯೇನಿಲ್ಲ. ಸಂಜೆ ಐದಕ್ಕೆ ಯಾವ ಗೂಡಿನಲ್ಲಿ ಚಪ್ಪಲಿ ಉಳಿದಿದೆಯೋ ಅದರ ಯಜಮಾನ ಇನ್ನೂ ಮೇಲಿದ್ದಾನೆ ಎಂದು ಲೆಕ್ಕ. ಅಕ್ಕ ಟಾರ್ಚು ಹಿಡಿದು ಹತ್ತುತ್ತಾರೆ.

ರಜಾದಿನ ಬರುವವರು ಎಂಟುನೂರು. ಅವರ ಸಿದ್ಧತೆ ನೋಡಿದರೆ ತಲೆ ಚಚ್ಚಿಕೊಳ್ಳಬೇಕು. ಫೋಟೊಗೆಂದು ಮೂರು ಜೊತೆ ಬಟ್ಟೆ ತಂದಿರುತ್ತಾರೆ, ಒಂದು ಬಾಟಲಿ ನೀರಿರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ನಾನೇನು ಕಡಿಮೆಯಲ್ಲ, ಸವೆದ ಚರ್ಮದ ಚಪ್ಪಲಿಯಲ್ಲಿ ಹೋಗಿ ಬೈಸಿಕೊಂಡೆ. "ಪೇಪರ್‌ನೋರಿಗೆ ಬೇರೆ ಕಾಲಾ ಸಾರ್?"

ಹಿಂದೆ ಅಕ್ಕನದು ಇಲ್ಲೇ ಕಸ ಗುಡಿಸುವ ಕೆಲಸ. ಒಮ್ಮೆ ಮೇಲಿನ ತಿರುವಿನಲ್ಲಿ ಕಾಲು ಮುರಿದುಕೊಂಡ ಶಾಲೆ ಮೇಷ್ಟ್ರೊಬ್ಬರು ಇಡೀ ರಾತ್ರಿ ಕೂಗುತ್ತಾ ಬಿದ್ದಿದ್ದರು. ಬೆಳಿಗ್ಗೆ ಪೊರಕೆ ಹಿಡಿದು ಹೋದ ಅಕ್ಕನಿಗೇ ಅವರು ಸಿಕ್ಕಿದ್ದು. "ಮೇಲೆ ಒಬ್ರಿದಾರೆ ಅಂತ ಕೆಳಗೆ ಯಾರಿಗೂ ಗೊತ್ತಿರ್ಲಿಲ್ಲ. ಅದೇ ಸಾರ್ ನಂಗೆ ತಡ್ಕೊಳಕ್ಕಾಗ್ದೆ ಹೋಗಿದ್ದು," ಎನ್ನುತ್ತಾರೆ. ಗೇಟಿನ ಕೆಲಸ ಸಿಕ್ಕ ವಾರದಲ್ಲೇ ಗೂಡು ಹೊಡೆಸಿದರು. ಅದಕ್ಕೀಗ ಹನ್ನೊಂದು ವರ್ಷ. ಜನ ಬಿಸಾಡಿದ ಶೂಗಳಿಗೆ ಭಾನುವಾರ ರಾತ್ರಿ ಅಟ್ಟೆ ಅಂಟಿಸುವವರು ಗಂಡ. "ಮನೇಲಿರೋದು ಇಬ್ರು, ಶೂ ನೋಡಿದ್ರೆ ಮಿಲಿಟರಿ ಕ್ಯಾಂಪು," ಎಂದು ಗೊಣಗುತ್ತಲೇ ಅಂಟಿಸುತ್ತಾರೆ.

ಲೆಕ್ಕ ತಪ್ಪಿದ್ದೂ ಇದೆ. ಒಬ್ಬಾತ ಅಕ್ಕನ ಶೂನಲ್ಲೇ ಕಾರು ಹತ್ತಿ ಮನೆಗೆ ಹೋಗಿದ್ದ. ಅಕ್ಕ ಗುಡ್ಡವೆಲ್ಲ ಜಾಲಾಡಿ ಗಂಟಲು ಕಟ್ಟಿಸಿಕೊಂಡರು. ಮರುದಿನ ಬಂದವನು ಮೊದಲು ಕೇಳಿದ್ದು, "ನನ್ನ ಚಪ್ಪಲಿ ಭದ್ರವಾಗಿದೆ ತಾನೆ?"

ಈಗ ಗುಡ್ಡದ ಉಸ್ತುವಾರಿ ನೋಡುವ ಕಚೇರಿಯಿಂದ ಕಾಗದ ಬಂದಿದೆ. ಗೂಡುಗಳು ಪ್ರವೇಶದ್ವಾರದ ಅಂದ ಕೆಡಿಸುತ್ತಿವೆಯಂತೆ. ತಿಂಗಳ ಕೊನೆಯೊಳಗೆ ತೆಗೆಯಬೇಕು. ಆ ಜಾಗದಲ್ಲಿ ಸೂಚನೆಗಳ ಬಣ್ಣದ ಬೋರ್ಡು ಬರುತ್ತದೆ. ಬೋರ್ಡು ಓದುವ ಜನವಾಗಿದ್ದರೆ ಗೂಡು ಯಾಕೆ ಬೇಕಿತ್ತು? ಇದನ್ನು ಆ ಕಚೇರಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅಕ್ಕ ಮೂರು ಸಲ ಹೋಗಿ ಹೇಳಿ ಬಂದಿದ್ದಾರೆ.

ನಾನು ಹೋದ ದಿನ ಸಂಜೆ ಹನ್ನೆರಡನೇ ಗೂಡಿನಲ್ಲಿ ಒಂದು ಜೋಡಿ ಉಳಿದಿದೆ. ಅಕ್ಕನ ಹಿಂದೆ ನಾನೂ ಏದುಸಿರು ಬಿಡುತ್ತಾ ಹತ್ತುತ್ತೇನೆ. ಎರಡನೇ ತಿರುವಿನಲ್ಲಿ ಮಂಡಿ ಹಿಡಿದುಕೊಂಡು ಕೂತಿದ್ದಾರೆ ಅರವತ್ತು ದಾಟಿದವರೊಬ್ಬರು. ಮೊಬೈಲು ಸತ್ತಿದೆ, ತುಟಿ ಒಣಗಿದೆ. ಅಕ್ಕ ನೀರು ಕುಡಿಸಿ, ಹೆಗಲು ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸುತ್ತಾರೆ. ಕೆಳಗೆ ಬಂದವರು ಥ್ಯಾಂಕ್ಸ್ ಹೇಳಲಿಲ್ಲ. "ನಿಮ್ಮ ಶೂ ಸ್ವಲ್ಪ ಬಿಗಿ ಆಯ್ತಮ್ಮ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಆ ಶೂ ಒಳಗಿನ ಮಣ್ಣು ಕೊಡವುತ್ತಾರೆ. "ಬೋರ್ಡ್ ಹಾಕ್ಲಿ ಸಾರ್, ನಾನು ಬೇಡ ಅನ್ನಲ್ಲ. ಗೂಡು ಅಂದವಾಗಿ ಕಾಣ್ಬೇಕು ಅಂದ್ರೆ ಬಣ್ಣ ಬಳೀತೀನಿ. ಆದ್ರೆ ಇದ್ರಲ್ಲಿ ಚಪ್ಪಲಿ ಇಟ್ಟೋರನ್ನ ಯಾರನ್ನೂ ಮೇಲೆ ಬಿಟ್ಟು ನಾನು ಒಂದಿನ ಮನೆಗೆ ಹೋಗಿಲ್ಲ. ಬೋರ್ಡು ಗುಡ್ಡ ಹತ್ತುತ್ತಾ ಸಾರ್?"