ಹಿಮದ ಹಾದಿಗೆ ಎಷ್ಟು ಗಾಳಿ

"ನನ್ನ ಮಗಳ ಕೈಯಾಗ ಪಾನಾ? ಅದು ಈ ಜನ್ಮದಾಗ ಆಗೂ ಮಾತಲ್ಲ" ಎಂದು ಹೇಳಿದವರು ನಮ್ಮಪ್ಪ. ಗದಗಿನಲ್ಲಿ ಅವರದು ಸೈಕಲ್ ಅಂಗಡಿ, ನಟ್ಟು ಬಿಚ್ಚುವ ಪಾನಾ ಸದಾ ಕೈಯಲ್ಲಿ. ನಾನು ಬಿ.ಇ. ಪಾಸಾದ ದಿನ ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಪೇಢೆ ಹಂಚಿ, ಪೇಢೆಯ ಜೊತೆಗೆ ಈ ಮಾತನ್ನೂ ಹಂಚಿದ್ದರು.

ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅದೇನು ಸಲೀಸಾಗಿ ಬರಲಿಲ್ಲ. ಮೊದಲು ಡಿಪ್ಲೊಮಾ, ಆಮೇಲೆ ಕೆಲಸ, ಕೆಲಸದ ಜೊತೆಗೇ ಮತ್ತೆ ಕಾಲೇಜು. ಗಣಿತದ ಒಂದು ಪೇಪರ್ ಮೂರನೇ ಸಲಕ್ಕೆ ಪಾಸು. ಆ ಡಿಗ್ರಿಯ ಪ್ರಮಾಣಪತ್ರಕ್ಕೆ ಅಪ್ಪ ಗಾಜಿನ ಕಟ್ಟು ಹಾಕಿಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕಿದರು. ಅಂಗಡಿಯಲ್ಲಿ ಹಾಕಿ ಎಂದು ಯಾರೋ ಹೇಳಿದ್ದಕ್ಕೆ, "ಅಂಗಡಿಗೂ ಆಕಿಗೂ ಇನ್ನ ಸಂಬಂಧಿಲ್ಲ" ಎಂದಿದ್ದರು.

ಸಂಬಂಧ ಮತ್ತೆ ಬಂತು. ರಿಸೆಶನ್‌ನ ಎರಡನೇ ಚಳಿಗಾಲ ಅದು. ಶಿಕಾಗೋದಲ್ಲಿ ಯಂತ್ರದ ಭಾಗಗಳ ಡಿಸೈನ್ ಮಾಡುತ್ತಿದ್ದ ನನ್ನ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಗಂಡ ಪ್ರಕಾಶನ ಕೆಲಸ ಉಳಿದಿತ್ತು. ಮನೆ ನಡೆಯುತ್ತಿತ್ತು, ನನಗೆ ಮಾತ್ರ ದಿನ ನಡೆಯುತ್ತಿರಲಿಲ್ಲ. ಒಂದು ದಿನ ನಮ್ಮ ಬೀದಿಯ ಸೈಕಲ್ ಅಂಗಡಿಯಲ್ಲಿ ಬ್ರೇಕ್ ವಯರ್ ಕೊಳ್ಳಲು ಹೋದವಳು, ಮೂಲೆಯಲ್ಲಿದ್ದ, ಔಟಾಗಿ ಓಲಾಡುತ್ತಿದ್ದ ಚಕ್ರವನ್ನು ಸುಮ್ಮನಿರಲಾರದೆ ನೇರ ಮಾಡಿ ಕೊಟ್ಟೆ. ಅಂಗಡಿಯಾಕೆ ಅಂದೇ ಕೇಳಿದಳು: "ಇಲ್ಲಿಗೇ ಬರ್ತೀಯಾ?" ವಾರವಿಡೀ ರಿಪೇರಿ, ಶನಿವಾರ ಭಾನುವಾರ ಗಿರಾಕಿಗಳನ್ನು ಹಿಮದ ಕಾಡುದಾರಿಯಲ್ಲಿ ಸೈಕಲ್ ಮೇಲೆ ಸುತ್ತಾಡಿಸುವುದು. ಒಂದೇ ಷರತ್ತು. ಚಳಿಗಾಲದ ರೈಡ್ ಲೀಡರ್ ಎಂಬ ಪ್ರಮಾಣಪತ್ರ ತರಬೇಕು. ಆ ಎರಡು ದಿನದ ತರಬೇತಿ ಇದ್ದದ್ದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್‌ನ ಪಶ್ಚಿಮಕ್ಕಿರುವ ಕಾಡಿನಲ್ಲಿ. ಅಲ್ಲಿಂದ ಮುಕ್ಕಾಲು ಗಂಟೆಯ ದಾರಿಯ ಕ್ಯಾಂಟನ್‌ನಲ್ಲಿ ನನ್ನ ತಂಗಿ ಶೋಭಾಳ ಮನೆ. ಅವಳ ಮನೆಯಲ್ಲಿ, ಅಂಗಡಿಯನ್ನು ಕಾಕಾನಿಗೆ ಒಪ್ಪಿಸಿ ಆರು ತಿಂಗಳಿಗೆಂದು ಬಂದಿದ್ದ ನಮ್ಮಪ್ಪ. ಹೀಗೆ ನನಗೆ ಎರಡು ಪರೀಕ್ಷೆ ಬಿದ್ದವು. ಹಿಮದ ಮೇಲಿನದಕ್ಕೇ ನಾನು ಕಡಿಮೆ ಹೆದರಿದ್ದೆ.

ಶುಕ್ರವಾರ ಬೆಳಿಗ್ಗೆ ಹೊರಟೆ. ಮೊದಲು ಶಿಕಾಗೋದ ಭಾರತೀಯ ಅಂಗಡಿಗಳ ಬೀದಿ ಡೆವನ್ ಅವೆನ್ಯೂಗೆ ಹೋಗಿ, ಪಾರ್ಕಿಂಗ್ ಹುಡುಕಿ ಸುಸ್ತಾಗಿ, ಅಪ್ಪನಿಗೆಂದು ಜೋಳದ ಹಿಟ್ಟು, ಶೇಂಗಾ, ಬೆಲ್ಲ ತೆಗೆದುಕೊಂಡೆ. ಕಾರಿನ ಹಿಂದಿನ ಸೀಟು ಮಡಚಿ ಹಳೆಯ ಚಾದರ ಹಾಸಿ, ಮುಂದಿನ ಚಕ್ರ ಬಿಚ್ಚಿದ ಸೈಕಲ್ಲನ್ನು ಮಲಗಿಸಿದ್ದೆ. ಕ್ಯಾಂಟನ್‌ಗೆ ಸುಮಾರು ಇನ್ನೂರ ಎಪ್ಪತ್ತು ಮೈಲಿ. ಬಿಸಿಲಿನ ದಿನ ನಾಲ್ಕೂವರೆ ಗಂಟೆ ಸಾಕು. ಇಂಡಿಯಾನಾ ದಾಟುತ್ತಿದ್ದಂತೆ ಮಿಶಿಗನ್ ಸರೋವರದ ಕಡೆಯಿಂದ ಹಿಮ ಬೀಸತೊಡಗಿತು. ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದ ದಾರಿಯಲ್ಲಿ ಮೂವತ್ತು ಮೈಲಿ ವೇಗದಲ್ಲಿ ತೆವಳಿದೆ. ಕಲಮಜೂ ಹತ್ತಿರ ಪೆಟ್ರೋಲ್ ಹಾಕಿಸಿ, ಒಂದು ಕಪ್ ಕಹಿ ಕಾಫಿ ಕುಡಿದು, ನಮಗಿಂತ ಮುಂದಿರುವ ಮಿಶಿಗನ್ ಗಡಿಯಾರಕ್ಕೆ ಒಂದು ಗಂಟೆ ಕಳೆದುಕೊಂಡು, ಫೋರ್ಡ್ ರಸ್ತೆಯ ಎಗ್ಸಿಟ್ ಇಳಿಯುವಾಗ ಸಂಜೆಯಾಗಿತ್ತು. ತಂಗಿಯ ಬಡಾವಣೆಯಲ್ಲಿ ಮೂರು ಮನೆಗಳ ಮುಂದೆ ಮಾರಾಟದ ಫಲಕವಿತ್ತು. ಆ ಮನೆಗಳ ಮುಂದಿನ ಹಿಮವನ್ನು ಯಾರೂ ಬಳಿದಿರಲಿಲ್ಲ.

ಗ್ಯಾರೇಜಿನಲ್ಲಿ ಸೈಕಲ್ ಇಳಿಸುವಾಗಲೇ ಅಪ್ಪ ಬಂದರು. ಎರಡು ಸ್ವೆಟರ್, ಮಂಕಿ ಕ್ಯಾಪು. ನನ್ನ ಮುಖಕ್ಕಿಂತ ಮೊದಲು ಸೈಕಲ್ ನೋಡಿದರು.

"ಮುಂದ ಸ್ಪ್ರಿಂಗ್ ಐತಿ, ಹಿಂದ ಇಲ್ಲಲಾ? ಅರ್ಧಾ ಮಾಡಿ ಮಾರ್‍ಯಾರೇನು?"

"ಇದು ಹಾರ್ಡ್‌ಟೇಲ್ ಅಪ್ಪಾ. ಹಿಂದ ಗಟ್ಟಿನ ಇರ್ತದ. ಹಗುರ, ಕೆಡೂದು ಕಡಿಮಿ."

"ಬರ್ಫದಾಗ ಸೈಕಲ್ ನಡಿಯೂದಿಲ್ಲ ಬಿಡು" ಎನ್ನುತ್ತಲೇ ಹೆಬ್ಬೆರಳಿನಿಂದ ಟೈರ್ ಒತ್ತಿದರು. ಕಲ್ಲಿನ ಹಾಗಿತ್ತು. ಅವರು ಕಲಿಸಿದ್ದೇ ಹಾಗೆ. ಬೆರಳು ಒತ್ತಿದರೆ ತಗ್ಗು ಬೀಳಬಾರದು, ಬಿದ್ದರೆ ಅಂಗಡಿಯ ಮಾನ ಹೋಯಿತು. ತಲೆ ಆಡಿಸಿದರು. ಅಷ್ಟರಲ್ಲೇ ಹೇಳಿಬಿಡಬೇಕೆನಿಸಿ, ಅಂಗಡಿಯ ಕೆಲಸ, ತರಬೇತಿ, ಪ್ರಮಾಣಪತ್ರ ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅಪ್ಪ ಟೈರಿನಿಂದ ಕೈ ತೆಗೆದರು. "ಪಂಕ್ಚರ್ ಹಾಕಾಕ ಬಿ.ಇ. ಬೇಕಿತ್ತೇನವಾ? ಇದನ್ನ ನಾ ನಿನಗ ಹತ್ತು ವರ್ಷದಾಕಿ ಇದ್ದಾಗನ ಕಲಿಸಿದ್ನೆಲ್ಲ" ಎಂದರು. ಬೈದಿದ್ದರೆ ಸುಲಭವಿತ್ತು. ಒಳಗೆ ಹೋಗಿ ಟಿವಿ ಮುಂದೆ ಕುಳಿತರು, ಅದನ್ನು ಹಾಕಲೂ ಇಲ್ಲ. ಊಟಕ್ಕೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಇತ್ತು. ಒಂದೇ ರೊಟ್ಟಿಗೆ ಕೈ ತೊಳೆದರು.

ಶೋಭಾಳ ಗಂಡ ರಘು ಮೈಸೂರಿನವರು, ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಇಂಜಿನಿಯರ್. ಆಗ ವಾರಕ್ಕೆ ಮೂರೇ ದಿನ ಕೆಲಸ. "ಮಾವ, ನಮ್ಮ ಆಫೀಸಲ್ಲಿ ಅರ್ಧ ಜನ ಮನೇಲಿದಾರೆ. ಕೆಲಸ ಅಂತ ಒಂದು ಸಿಕ್ಕರೆ ಅದು ಯಾವ ಅಂಗಡಿ ಅಂತ ಯಾರೂ ಬೋರ್ಡ್ ಓದ್ತಾ ಇಲ್ಲ ಈಗ" ಎಂದರು.

"ನೀವು ಓದಬ್ಯಾಡ್ರಿ ಅಳಿಯಂದ್ರ. ಸೈಕಲ್ ಅಂಗಡಿ ಅಂತ ಆ ಬೋರ್ಡ್ ಬರದಾಂವನ ನಾನು" ಎಂದರು ಅಪ್ಪ.

ಶನಿವಾರ ಹದಿನಾಲ್ಕು ಡಿಗ್ರಿ ಚಳಿ. ಫ್ಯಾರನ್‌ಹೀಟ್‌ನಲ್ಲಿ ಅಂದರೆ ನೀರು ಗಟ್ಟಿಯಾಗುವುದಕ್ಕಿಂತ ಎಷ್ಟೋ ಕೆಳಗೆ. ಆನ್ ಆರ್ಬರ್ ದಾಟಿ ಉತ್ತರಕ್ಕೆ ತಿರುಗಿ ಪಿಂಕ್ನಿ ಕಡೆಯ ಕಾಡು ಸೇರಿದೆ. ಓಕ್ ಮರಗಳು, ಹೆಪ್ಪುಗಟ್ಟಿದ ಕೆರೆಗಳು, ನಡುವೆ ಒಂದೂವರೆ ಅಡಿ ಅಗಲದ ಬಿಳಿಯ ದಾರಿ. ಕಲಿಯಲು ಬಂದವರು ನನ್ನನ್ನೂ ಸೇರಿ ಐದು ಜನ. ಕಲಿಸುವವಳು ಕ್ಯಾರಲ್, ಅರವತ್ತು ದಾಟಿದ, ಶಾಲೆಯಲ್ಲಿ ಆಟ ಕಲಿಸಿ ನಿವೃತ್ತಳಾದ ಹೆಂಗಸು. ಸಾಲಿನಲ್ಲಿ ನನ್ನ ಹಿಂದೆ ರಿಕ್. ಕಾರ್ಖಾನೆಯ ಕೆಲಸ ಕಳೆದುಕೊಂಡ ಧಡೂತಿ ಆಸಾಮಿ.

ನಾನು ಶಿಕಾಗೋದಲ್ಲಿ ಚಳಿಗಾಲವೆಲ್ಲ ಸೈಕಲ್ ಹೊಡೆದವಳು. ಆದರೆ ಅದು ಹಿಮ ಬಳಿದು ಸ್ವಚ್ಛ ಮಾಡಿದ ಸರೋವರದ ದಂಡೆಯ ದಾರಿ. ಇಲ್ಲಿ ಬಳಿದವರು ಯಾರೂ ಇಲ್ಲ. ಮೊದಲ ಇಳಿಜಾರಿನಲ್ಲೇ ಮುಂದಿನ ಚಕ್ರ ಎಡಕ್ಕೆ ಜಾರಿತು, ನಾನು ಬಲಕ್ಕೆ ಬಿದ್ದೆ. ಎದ್ದೆ. ತಿರುವಿನಲ್ಲಿ ಮತ್ತೆ ಬಿದ್ದೆ. ಏರಿನಲ್ಲಿ ಹಿಂದಿನ ಚಕ್ರ ಒಂದೇ ಕಡೆ ಗರಗರ ತಿರುಗಿತು, ಸೈಕಲ್ ಮುಂದೆ ಹೋಗಲಿಲ್ಲ. "ಹಿಮ ಮೆತ್ತಗಿದೆ, ಚಿಂತೆ ಇಲ್ಲ" ಎಂದ ರಿಕ್, ನಾನು ನಾಲ್ಕನೇ ಸಲ ಬಿದ್ದಾಗ ಇಳಿದು ಬಂದು ನನ್ನ ಸೈಕಲ್ ಎತ್ತಿ ಹಿಡಿದ. ಅಪ್ಪನ ಮಾತೇ ನಿಜವೇನೋ, ಬರ್ಫದಲ್ಲಿ ಸೈಕಲ್ ನಡೆಯುವುದಿಲ್ಲವೇನೋ ಅನ್ನಿಸಿತು.

ಕ್ಯಾರಲ್ ಬಂದು ನನ್ನನ್ನು ನೋಡಲಿಲ್ಲ, ಟೈರ್ ಒತ್ತಿ ನೋಡಿದಳು. ಹೆಬ್ಬೆರಳಿನಿಂದಲೇ. "ಎಷ್ಟು ಗಾಳಿ?" ಎಂದಳು. "ಪೂರ್ತಿ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವಳು ನಕ್ಕು, ಕೈಗವಸು ತೆಗೆದು, ಗಾಳಿ ಹೊರಬಿಡಲು ಟ್ಯೂಬಿನ ವಾಲ್‌ನ ಮೊಳೆ ಒತ್ತಿ ಹಿಡಿದಳು. ಬೆರಳು ಒತ್ತಿದರೆ ಚೆನ್ನಾಗಿ ತಗ್ಗು ಬೀಳುವವರೆಗೂ ಬಿಡಲಿಲ್ಲ. ಅಂಥ ಟೈರಿನ ಸೈಕಲ್ಲನ್ನು ನಮ್ಮ ಅಂಗಡಿಯಿಂದ ಹೊರಗೇ ಬಿಡುತ್ತಿರಲಿಲ್ಲ. ಅವಳು ಹೇಳಿದ್ದಿಷ್ಟು: ಗಟ್ಟಿ ಟೈರು ಹಿಮವನ್ನು ಕೊಯ್ದು ಜಾರುತ್ತದೆ, ಮೆತ್ತಗಿನದು ಅಂಗೈಯಂತೆ ಹರಡಿ ಹಿಡಿಯುತ್ತದೆ, ಭಾರ ಹಿಂದಿನ ಚಕ್ರದ ಮೇಲಿರಲಿ, ಮುಂದಿನ ಬ್ರೇಕ್ ಮರೆತುಬಿಡು, ಬೀಳುವ ಜಾಗ ನೋಡಬೇಡ, ಹೋಗುವ ಜಾಗ ನೋಡು.

ಅದೇ ಏರನ್ನು ಮತ್ತೆ ಹತ್ತಿದೆ. ಚಕ್ರದ ಕೆಳಗೆ ಹಿಮ ಹಪ್ಪಳ ಮುರಿದಂತೆ ಸದ್ದು ಮಾಡಿತು, ಸೈಕಲ್ ಹತ್ತಿತು. ತುದಿಯಲ್ಲಿ ನಿಂತು ಜೇಬಿನ ಶೇಂಗಾ ಉಂಡೆ ತೆಗೆದರೆ ಅದು ಹೆಪ್ಪುಗಟ್ಟಿ ಗುಂಡುಕಲ್ಲಾಗಿತ್ತು. ರಿಕ್ ಅದನ್ನು ಕಚ್ಚಿ, "ಇದನ್ನ ಚಕ್ರದ ಬೇರಿಂಗಿಗೆ ಹಾಕಬಹುದು" ಎಂದು, ಇನ್ನೊಂದು ಕೇಳಿದ.

ಮನೆಗೆ ಬಂದಾಗ ಮೈಯೆಲ್ಲ ಪುಡಿಯಾಗಿತ್ತು. ಅಪ್ಪ ಮಾತಾಡಲಿಲ್ಲ. "ನಿನ್ನಿಯಿಂದ ಅಪ್ಪ ಎರಡನೇ ಸಲ ಚಾ ಕೇಳಿಲ್ಲ ಅಕ್ಕಾ" ಎಂದಳು ಶೋಭಾ. ಸೈಕಲ್ಲಿಗೆ ಮೆತ್ತಿದ ಉಪ್ಪು, ಕೆಸರನ್ನು ಒರೆಸುವ ಶಕ್ತಿಯೂ ಇರಲಿಲ್ಲ. ಗ್ಯಾರೇಜಿನಲ್ಲಿ ಗೋಡೆಗೆ ಆನಿಸಿ, ಬಿಸಿನೀರು ಸುರಿದುಕೊಂಡು ಮಲಗಿದೆ. ಭಾನುವಾರ ಬೇಗ ಎದ್ದು, ಎಲ್ಲರೂ ಮಲಗಿರುವಾಗಲೇ, ಗ್ಯಾರೇಜಿನ ದೀಪವನ್ನೂ ಹಾಕದೆ, ಸೈಕಲ್ಲನ್ನು ಕಾರಿಗೆ ತುಂಬಿಕೊಂಡು ಹೊರಟೆ.

ಕಾಡಿನ ಪಾರ್ಕಿಂಗ್‌ನಲ್ಲಿ ಸೈಕಲ್ ಇಳಿಸಿದಾಗ ಬೆಳಕಾಗಿತ್ತು. ಆಗಲೇ ನೋಡಿದ್ದು. ಕೆಸರಿಲ್ಲ. ಚೈನು ಎಣ್ಣೆ ಕುಡಿದು ಹೊಳೆಯುತ್ತಿತ್ತು. ಚಕ್ರದ ನಡುವಿನ ಹಬ್ಬಿಗೆ ಹಳೆಯ ಬನಿಯನ್ನಿನ ಬಿಳಿ ಪಟ್ಟಿ ಕಟ್ಟಿತ್ತು. ಚಕ್ರ ತಿರುಗಿದಂತೆ ಹಬ್ಬು ತಾನೇ ಒರೆಸಿಕೊಳ್ಳಲಿ ಎಂದು ನಮ್ಮ ಅಂಗಡಿಯ ಪ್ರತಿ ಬಾಡಿಗೆ ಸೈಕಲ್ಲಿಗೂ ಕಟ್ಟುತ್ತಿದ್ದ ಪಟ್ಟಿ ಅದು. ಟೈರ್ ಒತ್ತಿದೆ. ಕಲ್ಲು! ನಾನು ಮಲಗಿದ್ದಾಗ ಅಪ್ಪ ಗ್ಯಾರೇಜಿಗೆ ಹೋಗಿ, ಮೆತ್ತಗಿದ್ದ ಟೈರ್ ಕಂಡು, ಪಾಪ ಗಾಳಿ ಇಳಿದಿದೆ ಎಂದುಕೊಂಡು, ರಘುವಿನ ಪಂಪಿನಿಂದ ತುಂಬಿಬಿಟ್ಟಿದ್ದರು.

"ಇದೇನು ಬಟ್ಟೆ?" ಎಂದಳು ಕ್ಯಾರಲ್. "ನಮ್ಮಪ್ಪ" ಎಂದೆ. ಪಟ್ಟಿಯನ್ನು ಬಿಚ್ಚಲಿಲ್ಲ. ವಾಲ್ ಒತ್ತಿದೆ. ಗಾಳಿ ಬಹಳ ಹೊತ್ತು ಹೊರಗೆ ಬರುತ್ತಲೇ ಇತ್ತು, ಅಷ್ಟು ತುಂಬಿದ್ದರು.

ಪರೀಕ್ಷೆ ಎಂದರೆ, ಉಳಿದ ನಾಲ್ವರನ್ನು ಎಂಟು ಮೈಲಿಯ ಸುತ್ತು ಕರೆದೊಯ್ದು ಒಬ್ಬರನ್ನೂ ಕಳೆಯದೆ ವಾಪಸ್ ತರುವುದು. ಕವಲು ಬಂದಲ್ಲೆಲ್ಲ ನಿಂತು ತಲೆ ಎಣಿಸಿದೆ. ನೀರಿನ ಬಾಟಲಿಗಳನ್ನು ಜಾಕೆಟ್ಟಿನ ಒಳಗೆ ಇಡಿಸಿದೆ. ಯಾರೋ ನಡೆದುಹೋದ ಹೆಜ್ಜೆಗಳು ಮಂಜುಗಡ್ಡೆಯಾಗಿ ಗುಂಡಿಬಿದ್ದಿದ್ದಲ್ಲಿ ಎಲ್ಲರನ್ನೂ ಇಳಿಸಿ ತಳ್ಳಿಸಿದೆ. ಅರ್ಧ ದಾರಿಯಲ್ಲಿ ಕ್ಯಾರಲ್ ಬೇಕೆಂದೇ ರಿಕ್‌ನ ಹಿಂದಿನ ಚಕ್ರದ ಗಾಳಿ ಪೂರ್ತಿ ತೆಗೆದು, "ಪಂಕ್ಚರ್ ಆಗಿದೆ, ಟ್ಯೂಬ್ ಬದಲಿಸು" ಎಂದಳು.

ಕೈಗವಸು ತೆಗೆದು ಹಲ್ಲಲ್ಲಿ ಕಚ್ಚಿಕೊಂಡೆ. ಟೈರ್ ಬಿಚ್ಚಲು ಸಲಾಕೆ ಹುಡುಕಲಿಲ್ಲ, ಎರಡೂ ಹೆಬ್ಬೆರಳಿನಿಂದಲೇ ಎಬ್ಬಿಸಿದೆ. ರಿಕ್ ಬಗ್ಗಿ ನೋಡಿ, "ಇಂಜಿನಿಯರ್ ಅಂದಿದ್ದೆಯಲ್ಲ. ಇದನ್ನ ಯಾವ ಕಾಲೇಜಲ್ಲಿ ಕಲಿಸ್ತಾರೆ?" ಎಂದ. "ಗದಗಿನಲ್ಲಿ" ಎಂದೆ. ಗಾಳಿ ಹೊಡೆಯುವಾಗ ಕೈ ತಾನಾಗಿ ಕಲ್ಲಾಗುವವರೆಗೂ ಹೊಡೆಯಲು ಹೊರಟಿತ್ತು. ತಡೆದೆ. ಒತ್ತಿದರೆ ತಗ್ಗು ಬೀಳುವಷ್ಟಕ್ಕೆ ನಿಲ್ಲಿಸಿದೆ. ಕ್ಯಾರಲ್ ಟೈರನ್ನೊಮ್ಮೆ ಒತ್ತಿ ನೋಡಿ ತನ್ನ ಸೈಕಲ್ ಹತ್ತಿದಳು. ಅದೇ ಒಳ್ಳೆಯ ಸೂಚನೆ ಎಂದುಕೊಂಡೆ.

ಸುತ್ತು ಮುಗಿದು ಪಾರ್ಕಿಂಗ್‌ನಲ್ಲಿ ನಮ್ಮ ಐದೂ ಸೈಕಲ್ ಸಾಲಾಗಿ ನಿಂತವು. ಕ್ಯಾರಲ್‌ಳ ಪೆನ್ನು ಚಳಿಗೆ ಬರೆಯಲಿಲ್ಲ. ಅದನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿ, ನನ್ನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರ ಕೇಳಿ ಪ್ರಮಾಣಪತ್ರದಲ್ಲಿ ಬರೆದು ಸಹಿ ಹಾಕಿದಳು. ಕಾರಿನೊಳಗೆ ಕುಳಿತು, ಹೀಟರ್ ಹಾಕಿ, ಪ್ರಕಾಶನಿಗೆ ಫೋನ್ ಮಾಡಿ, "ಆತು" ಎಂದೆ. ಎಂಟು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದದ್ದು ಎದ್ದುಹೋಗಿತ್ತು.

ಕ್ಯಾಂಟನ್‌ಗೆ ಬಂದಾಗ ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಅಪ್ಪ ಒಳಗೆ ಕುರ್ಚಿ ಹಾಕಿಕೊಂಡು, ಮೈತುಂಬ ಕಂಬಳಿ ಹೊದ್ದು ಕುಳಿತಿದ್ದರು.

"ಗಾಳಿ ಸರಿ ಇತ್ತೇನ?" ಇದು ಎರಡು ದಿನದಲ್ಲಿ ಅವರ ಮೊದಲ ಮಾತು.

ಸುಳ್ಳು ಹೇಳಬಹುದಿತ್ತು. "ಬಿಟ್ಟೆ ಅಪ್ಪಾ. ಬರ್ಫಕ್ಕ ಮೆತ್ತಗನ ಬೇಕು."

"ನಾ ಹೊಡದ ಗಾಳಿ ಬಿಟ್ಟೀ?" ಎದ್ದು ಬಂದು ಟೈರ್ ಒತ್ತಿದರು. ಬೆರಳು ಒಳಗೆ ಹೋಯಿತು. ಗಿರಾಕಿಯ ಮುಂದೆ ಮಾನ ಹೋದವರಂತೆ ನನ್ನ ಮುಖ ನೋಡಿದರು. ನಾನು ಸೈಕಲ್ ಹತ್ತಿ ಮನೆಯ ಹಿಂದಿನ ಅಂಗಳಕ್ಕೆ ಇಳಿದೆ. ಅಲ್ಲಿ ಪಾದ ಮುಳುಗುವಷ್ಟು ಹಿಮ. ಬೇಲಿಯ ಗುಂಟ ಒಂದು ಸುತ್ತು, ಮರ ಬಳಸಿ ಇನ್ನೊಂದು. ಹಬ್ಬಿನ ಬಿಳಿ ಪಟ್ಟಿಯೂ ಸುತ್ತುತ್ತಿತ್ತು. ಶೋಭಾ, ರಘು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು. ಅಪ್ಪ ಬಗ್ಗಿ ಹಿಮದಲ್ಲಿ ಬಿದ್ದ ಟೈರಿನ ಅಗಲವಾದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಮೂವತ್ತೈದು ವರ್ಷ ಕಲ್ಲಿನಂಗ ಹೊಡದೇನಿ" ಎಂದರು. ಆಮೇಲೆ, "ನಡಿ, ಒಳಗ ನಡಿ. ಚಾ ಕುಡಿಯೂಣು."

ಚಹಾ ಬರುವ ಮುಂಚೆ ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟೆ. ಕೈಯನ್ನು ಸ್ವೆಟರಿಗೆ ಒರೆಸಿಕೊಂಡು ತೆಗೆದುಕೊಂಡರು. ಇಂಗ್ಲಿಷ್ ಬಾರದಿದ್ದರೂ ನನ್ನ ಹೆಸರಿನ ಜಾಗ ಹುಡುಕಿ, ಅದರ ಕೆಳಗೆ ಹೆಬ್ಬೆರಳು ಇಟ್ಟು ನೋಡಿದರು.

"ಆ ಅಂಗಡಿಯಾಕಿಗೆ ಝರಾಕ್ಸ್ ಕೊಡು. ಇದು ಗದಗಿಗೆ ಬರ್ತದ. ಡಿಗ್ರಿ ಮನ್ಯಾಗ ಇರಲಿ, ಇದನ್ನ ಅಂಗಡ್ಯಾಗ ಹಾಕತೇನಿ. ಗಾಳಿ ಬಿಟ್ಟು ಪಾಸಾದ್ಲು ಅಂತ ಮಾತ್ರ ಯಾರ ಮುಂದೂ ಹೇಳೂದಿಲ್ಲ ನೋಡವಾ."